ಹದಿನೇಳನೆಯ ಫಲಕ

ಟರ್ಪೆಂಟೈನ್ ಎಂದರೆ ಅಪ್ಪ. ಸೀಸೆಯ ಬಿರಟೆ ತೆಗೆದೊಡನೆ ಅವಳಿಗೆ ಏಳು ವರ್ಷವಾಯಿತು. ಅಂಗಡಿ ಬೀದಿಯ ಏಣಿ, ಬುಡದಲ್ಲಿ ಡಬ್ಬಿ ಹಿಡಿದು ನಿಂತ ಅವಳು, ಮೇಲೆ ಅಪ್ಪನ ಸವೆದ ಚಪ್ಪಲಿ, ಅಲ್ಲಿಂದ ಇಳಿದು ಬಂದು ಮೂಗು ಚುರುಗುಟ್ಟಿಸುತ್ತಿದ್ದ ಆ ವಾಸನೆ. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಮಾಲೀಕ ಬದಲಾದ ಅಂಗಡಿಯಾದರೆ ಮೊದಲು ಹಳೆಯ ಹೆಸರನ್ನು ಅಳಿಸಬೇಕು. ಅಳಿಸುವ ಮುಂಚೆ ಅದನ್ನೊಮ್ಮೆ ಗಟ್ಟಿಯಾಗಿ ಓದುತ್ತಿದ್ದ. ಯಾಕಪ್ಪ ಎಂದು ಕೇಳಿದ್ದಕ್ಕೆ, "ಇನ್ಮೇಲೆ ಯಾರೂ ಓದಲ್ವಲ್ಲ ಮಗಾ" ಎಂದಿದ್ದ.

ಇವತ್ತು ಅವಳು ಓದಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹಾಸಿ, ಅದರ ಮೇಲೆ ಹದಿನೇಳನೆಯ ಫಲಕವನ್ನಿಟ್ಟು, ಬಟ್ಟೆಯ ಚೂರನ್ನು ಅದ್ದಿ ಉಜ್ಜತೊಡಗಿದಳು. ಹಸಿರು ತಗಡಿನ ಮೇಲಿನ ಬಿಳಿ ಅಕ್ಷರಗಳು ಮೊದಲು ಮೆತ್ತಗಾದವು, ಆಮೇಲೆ ಹಾಲಿನ ಹಾಗೆ ಹರಡಿಕೊಂಡವು. ತಿಂಗಳ ಹಿಂದೆ ಅವಳೇ ಬರೆದ ಅಕ್ಷರಗಳು. ನಲವತ್ತು ಫಲಕಗಳನ್ನೂ ಅವಳೇ ಬರೆದಿದ್ದಳು. ಅಪ್ಪನ ಕೈ ಬಂದಿದೆ ಎಂದು ಒಳಗೊಳಗೇ ಹಿಗ್ಗಿದ್ದಳು. ಬಿಳಿ ಬಣ್ಣ ಉಗುರಿನ ಸಂದಿಗೆ ಸೇರಿಕೊಂಡಿತು.

ಉಜ್ಜಿ ಮುಗಿದಾಗ ಹೆಸರು ಹೋಗಿತ್ತು. ಆದರೆ ಫಲಕವನ್ನು ಕಿಟಕಿಯ ಕಡೆಗೆ ತಿರುಗಿಸಿದರೆ ಅಕ್ಷರಗಳಿದ್ದ ಕಡೆ ಹಸಿರು ತುಸು ಹೊಳೆಯುತ್ತಿತ್ತು. ಬಿಸಿಲು ಬೀಳದಿದ್ದ ಕಡೆಯ ಹೊಳಪು. ಅವಳು ಫಲಕವನ್ನು ಕಿಟಕಿಯಿಂದ ಈಚೆಗೆ ತಿರುಗಿಸಿಕೊಂಡು, ಬೇಗ ಒಣಗುವ ಬಣ್ಣದಲ್ಲಿ ಹೊಸ ಹೆಸರು ಬರೆದಳು. ಜಾಗ ಕೊಟ್ಟವರ ಸೊಸೆಯ ಹೆಸರು. ಉದ್ದ ಹೆಸರು. ಹಳೆಯದನ್ನು ಮುಚ್ಚಲಿ ಎಂದು ಅಕ್ಷರಗಳನ್ನು ಬೇಕೆಂದೇ ದಪ್ಪ ಮಾಡಿದಳು.

ಮುಚ್ಚಲಿಲ್ಲ.

ಗಂಟೆ ಏಳು. ಹನ್ನೊಂದಕ್ಕೆ ಉದ್ಘಾಟನೆ.

*

ತೋಟದ ಆಲೋಚನೆ ಹುಟ್ಟಿದ್ದು ಆಸ್ಪತ್ರೆಯ ಹಿಂದಿನ ಖಾಲಿ ಜಾಗವನ್ನು ಯಾರೋ ದಾನ ಕೊಟ್ಟಾಗ. ಕ್ಯಾನ್ಸರಿನಿಂದ ಬದುಕುಳಿದ ಊರಿನವರಿಗೆ ತಲಾ ಒಂದು ಗಿಡ, ಒಂದು ಫಲಕ. ನಿವೃತ್ತ ಬ್ಯಾಂಕ್ ಮ್ಯಾನೇಜರರು ಅಧ್ಯಕ್ಷರು, ಔಷಧಿ ಅಂಗಡಿಯವರು ಕಾರ್ಯದರ್ಶಿ. ಗಿಡ ಮತ್ತು ಫಲಕ ಅವಳ ಜವಾಬ್ದಾರಿ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳು. ಜೊತೆಗೆ, ಏಳು ವರ್ಷದಿಂದ ಬದುಕುಳಿದವಳು. ಮೂರನೆಯ ಫಲಕ ಅವಳದು.

ಅಂಚಿಗೆಲ್ಲ ನಿತ್ಯಪುಷ್ಪ ಹಾಕಿಸಿದ್ದಳು. ವಾರ್ಡಿನಲ್ಲಿ ಕೆಲವರ ನರಕ್ಕೆ ಹನಿಹನಿಯಾಗಿ ಇಳಿದ ಔಷಧಿ ಈ ಗಿಡದಿಂದಲೇ ಬಂದದ್ದು. ಭಾಷಣದಲ್ಲಿ ಅದನ್ನು ಹೇಳಬೇಕೆಂದುಕೊಂಡಿದ್ದಳು. ಈಗ ಭಾಷಣ ಬೇಡವೆಂದು ಹೇಳಿ, ಪಟ್ಟಿಯನ್ನು ಮಾತ್ರ ಓದುವುದಾಗಿ ಒಪ್ಪಿದ್ದಳು. ಹೆಸರು ಕರೆದಾಗ ಒಬ್ಬೊಬ್ಬರೇ ಎದ್ದು ನಿಲ್ಲುವುದು, ಉಳಿದವರು ಚಪ್ಪಾಳೆ ತಟ್ಟುವುದು.

ಗುರುವಾರದ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ್ದರು: "ಸಿಮೆಂಟಿನ ಕಟ್ಟೆಲಿ ಫಲಕ ಸಿಕ್ಕಿಸೋ ಗುಳಿ ನಲವತ್ತು. ಹೆಸರು ನಲವತ್ತೊಂದಾಗಿದೆ. ಜಾಗ ಕೊಟ್ಟೋರ ಸೊಸೆಗೆ ಮೊನ್ನೆ ಚಿಕಿತ್ಸೆ ಮುಗೀತಂತೆ. ಇಲ್ಲ ಅನ್ನೋಕಾಗುತ್ತಾ?"

"ಚೀಟಿ ಎತ್ತೋಣ್ವಾ?" ಎಂದರು ಔಷಧಿ ಅಂಗಡಿಯವರು. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಆಗ ಅವಳು ಮಾತಾಡಿದಳು. ಯಾರೂ ಕೇಳಿರಲಿಲ್ಲ.

"ಸಸ್ಯೋದ್ಯಾನಗಳಲ್ಲಿ ಒಂದು ಪದ್ಧತಿ ಇದೆ. ಫಲಕ ಇರೋ ಕಡೆ ಜೀವ ಇರೋ ಗಿಡ ಇರಬೇಕು. ಇಲ್ಲದಿದ್ರೆ ನೋಡೋಕೆ ಬಂದವರಿಗೆ ಸುಳ್ಳು ಹೇಳಿದ ಹಾಗೆ."

"ಅಂದ್ರೆ?"

"ಹದಿನೇಳು. ಅವರಿಗೆ ಮತ್ತೆ ಬಂದಿದೆ."

ಅಧ್ಯಕ್ಷರು "ಛೆ" ಎಂದರು. ಕನ್ನಡಕ ಹಾಕಿಕೊಂಡು ಪಟ್ಟಿಯಲ್ಲಿ ಗೆರೆ ಎಳೆದರು. "ಓದಿದವರು ನೀವೇ ಹೇಳಿದ ಮೇಲೆ ನಮ್ಮದೇನಿದೆ ಮೇಡಂ," ಎಂದರು. ಅವರ ಮುಖದಲ್ಲಿ ಕಂಡ ನೆಮ್ಮದಿ ಅವಳಿಗೆ ಆ ಕ್ಷಣ ಮೆಚ್ಚುಗೆಯಂತೆ ಕಂಡಿತ್ತು.

ಮತ್ತೆ ಬಂದಿದೆ ಎನ್ನುವುದು ಅಲ್ಲಿಯವರೆಗೆ, ಡಾಕ್ಟರನ್ನು ಬಿಟ್ಟರೆ, ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು, ಹದಿನೇಳನೆಯ ಫಲಕದ ಟೈಲರಮ್ಮ. ಇನ್ನೊಬ್ಬಳು ಅವಳು.

*

ಎರಡು ವಾರದ ಹಿಂದೆ ಟೈಲರಮ್ಮ ಅವಳ ಗೇಟಿನ ಹೊರಗೆ ನಿಂತು ಲಕೋಟೆ ಚಾಚಿದ್ದಳು. "ಡಾಕ್ಟರ ಭಾಷೇಲಿದೆ. ಒಂದ್ಸಲ ನೋಡಿ ಹೇಳಿ ಮೇಡಂ. ಡಾಕ್ಟರು ಹೇಳಿದ್ರು, ನನ್ನ ಕಿವಿಗೆ ಹೋಗ್ಲಿಲ್ಲ."

ಅವಳು ಓದಿದಳು. ಎರಡನೆಯ ಪುಟಕ್ಕೆ ಹೋಗುವ ಅಗತ್ಯವಿರಲಿಲ್ಲ. ಆದರೂ ತಿರುಗಿಸಿದಳು, ತಲೆ ಎತ್ತುವುದನ್ನು ಮುಂದೂಡಲು.

"ಆಯ್ತು ಬಿಡಿ," ಎಂದಳು ಟೈಲರಮ್ಮ. "ಕಾಗದ ಓದೋಕೆ ಬರಲ್ಲ, ನಿಮ್ಮ ಮುಖ ಓದೋಕೆ ಬರುತ್ತೆ." ಲಕೋಟೆಯನ್ನು ಮಡಚಿ ಟೇಪು, ಸೀಮೆಸುಣ್ಣದ ತುಂಡುಗಳಿದ್ದ ಕೈಚೀಲಕ್ಕೆ ಹಾಕಿಕೊಂಡಳು. "ಮನೇಲಿ ಹೇಳಿಲ್ಲ. ಮಗಳಿಗೆ ಎಂಟು ತುಂಬಿದೆ. ಹೆರಿಗೆ ಆಗಿಹೋಗ್ಲಿ, ಆಮೇಲೆ ಹೇಳ್ತೀನಿ. ನೀವೂ ಯಾರಿಗೂ ಹೇಳ್ಬೇಡಿ."

"ಯಾರಿಗೆ ಹೇಳಲಿ ನಾನು," ಎಂದಿದ್ದಳು ಅವಳು.

ಒಳಗೆ ಬನ್ನಿ ಎಂದಿರಲಿಲ್ಲ. ಏಳು ವರ್ಷದಲ್ಲಿ ಒಮ್ಮೆಯೂ ಎಂದಿರಲಿಲ್ಲ. ಬಟ್ಟೆ ಕೊಡುವುದು ಗೇಟಿನಲ್ಲಿ, ಹೊಲಿದದ್ದನ್ನು ಪಡೆಯುವುದು ಗೇಟಿನಲ್ಲಿ.

ವಾರ್ಡಿನಲ್ಲಿ ಇಬ್ಬರದೂ ಪಕ್ಕಪಕ್ಕದ ಕುರ್ಚಿ. ಒಂದೇ ರೋಗ, ಒಂದೇ ಔಷಧಿ, ಒಂದೇ ತಿಂಗಳುಗಳು. ಅವಳಿಗೆ ಊಟ ತರುವವರಿರಲಿಲ್ಲ. ಮದುವೆಯಾಗದೆ ಉಳಿದವಳು, ತಮ್ಮ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಸಹೋದ್ಯೋಗಿಗಳಿಗೆ, ಅಡುಗೆಯವಳು ತರುತ್ತಾಳೆ ಎಂದು ಹೇಳಿಟ್ಟಿದ್ದಳು. ಅಡುಗೆಯವಳೆಂಬವಳೇ ಇರಲಿಲ್ಲ. ಮೊದಲ ದಿನ ಮಧ್ಯಾಹ್ನ ಟೈಲರಮ್ಮ ಅದನ್ನು ನೋಡಿದಳು. ಎರಡನೆಯ ಸಲ ಎರಡು ಡಬ್ಬಿ ತಂದಳು.

"ಇವತ್ತು ಮಾಡಿದ್ದು ಜಾಸ್ತಿ ಆಯ್ತು ಮೇಡಂ."

ಹನ್ನೊಂದು ಸಲ ಜಾಸ್ತಿ ಆಗಿತ್ತು. ಬಾಯೆಲ್ಲ ಹುಣ್ಣಾದಾಗ ಮೆತ್ತಗೆ ಬೇಯಿಸಿ, ಖಾರ ಹಾಕದೆ ತಂದಿದ್ದಳು. ಕೂದಲು ಉದುರಿದವರಿಗೆಲ್ಲ ಮಿಕ್ಕ ಬಟ್ಟೆಯಲ್ಲಿ ಟೋಪಿ ಹೊಲಿದು ಕೊಟ್ಟಿದ್ದಳು; ಅವಳಿಗೆ ಕೊಟ್ಟದ್ದಕ್ಕೆ ಒಳಗೆ ಮೆತ್ತನೆಯ ಅಸ್ತರು ಇತ್ತು, ಚುಚ್ಚಬಾರದೆಂದು.

ವರದಿ ಓದಿದ ದಿನ ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಇವಳಿಗೆ ಬಂದರೆ ನನಗೆ ಬರದೆ ಇರುತ್ತದೆಯೇ? ಕನ್ನಡಿಯ ಮುಂದೆ ನಿಂತು ಕುತ್ತಿಗೆ, ಕಂಕುಳು ತಡವಿಕೊಂಡಳು. ಏನೂ ಇರಲಿಲ್ಲ. ಆದರೂ ಪಕ್ಕದ ಕುರ್ಚಿಯನ್ನು ದೂರ ಸರಿಸಬೇಕೆನಿಸಿತು. ಗುರುವಾರ ಸರಿಸಿದಳು. ಅದಕ್ಕೆ ಸಸ್ಯೋದ್ಯಾನದ ಪದ್ಧತಿ ಎಂದು ಹೆಸರಿಟ್ಟಳು.

ಟೈಲರಮ್ಮ ಉದ್ಘಾಟನೆಗೆ ಮಗಳನ್ನು ಕರೆದುಕೊಂಡು ಬರುತ್ತಾಳೆ ಎಂಬುದು ಸಭೆಯಲ್ಲಿ ನೆನಪಾಗಲಿಲ್ಲ. ಇದನ್ನು ಅವಳು ಮೂರು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಿಜ ಹೇಳಬೇಕೆಂದರೆ, ನೆನಪಾಗಿತ್ತು.

*

ಒಂಬತ್ತಕ್ಕೆ ತೋಟದಲ್ಲಿ ಮಾಲಿ ಒಬ್ಬನೇ ಇದ್ದ. ಕಾಲೇಜಿನಲ್ಲಿ ಅವಳ ಕೈಕೆಳಗೆ ಇಪ್ಪತ್ತು ವರ್ಷ ದುಡಿದವನು. ಪೈಪು ಹಿಡಿದುಕೊಂಡೇ ಅವಳು ಹದಿನೇಳನೆಯ ಗುಳಿಗೆ ಫಲಕ ಸಿಕ್ಕಿಸುವುದನ್ನು ನೋಡಿದ.

"ಹೆಸರು ಬದಲಾಯ್ತಾ ಅಮ್ಮಾವ್ರೆ?"

"ಹ್ಞೂಂ."

"ಗಿಡ ಚೆನ್ನಾಗೇ ಇದೆಯಲ್ಲ."

ಅವಳು ನೋಡಿದಳು. ಸಾಲಿನಲ್ಲೆಲ್ಲ ಅದೇ ಹೆಚ್ಚು ಹೂ ಬಿಟ್ಟಿತ್ತು. ಟೈಲರಮ್ಮ ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಬಾಟಲಿಯಲ್ಲಿ ನೀರು ಹಾಕಿ ಹೋಗುತ್ತಾಳೆಂದು ಮಾಲಿಯೇ ಹೇಳಿದ್ದ. ಒಂದಕ್ಕೇ ಹಾಕಿದರೆ ಪಕ್ಕದವು ಮುನಿಸಿಕೊಳ್ಳುತ್ತವೆಂದು ಎರಡೂ ಕಡೆಯವಕ್ಕೂ ಹಾಕುತ್ತಾಳಂತೆ.

"ನಮ್ ಕಾಲೇಜಲ್ಲಿ ಗಿಡ ಸತ್ತ ಮೇಲೆ ತಾನೆ ನೀವು ಫಲಕ ಕೀಳಿಸ್ತಿದ್ದಿದ್ದು?" ಮಾಲಿ ಕೇಳಿದ. ಗದರುವ ದನಿಯಲ್ಲ, ಪದ್ಧತಿ ಬದಲಾಯಿತೇ ಎಂದು ತಿಳಿದುಕೊಳ್ಳುವ ದನಿ.

"ಕಮಿಟಿ ತೀರ್ಮಾನ."

"ಕಮಿಟಿಯೋರಿಗೆ ಗಿಡ ಗೊತ್ತಾಗಲ್ಲ, ನಿಮಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ," ಎಂದು ಅವನು ಪೈಪನ್ನು ಇನ್ನೊಂದು ಸಾಲಿಗೆ ಎಳೆದುಕೊಂಡು ಹೋದ.

ಅವಳು ಮೂರನೆಯ ಫಲಕದ ಮುಂದೆ ಬಂದು ನಿಂತಳು. ತನ್ನ ಹೆಸರು, ತನ್ನದೇ ಅಕ್ಷರದಲ್ಲಿ. ಕೈಚೀಲದಲ್ಲಿ ಬಟ್ಟೆಯ ಚೂರಿತ್ತು, ಸೀಸೆಯಿತ್ತು, ಬಿಳಿ ಬಣ್ಣದ ಡಬ್ಬಿ ಮತ್ತು ಕುಂಚ ಇದ್ದವು. ಉಜ್ಜಲು ಐದು ನಿಮಿಷ. ಬರೆಯಲು ಹತ್ತು. ಹನ್ನೊಂದರ ಹೊತ್ತಿಗೆ ಒಣಗಿಯೇ ಒಣಗುತ್ತದೆ. ಟೈಲರಮ್ಮನ ಹೆಸರು ಐದೇ ಅಕ್ಷರ.

ಇದಕ್ಕೇ ತಾನು ಇವೆಲ್ಲವನ್ನೂ ತಂದದ್ದು ಎಂದು ಅವಳಿಗೆ ಆಗ ಹೊಳೆಯಿತು. ಬಟ್ಟೆಯನ್ನು ತೆಗೆದಳು. ಸೀಸೆಯ ಬಿರಟೆ ತೆಗೆದಳು. ಅಪ್ಪನ ವಾಸನೆ ಎದ್ದಿತು.

ಮೂರನೆಯ ಗುಳಿಯಲ್ಲಿ ಬೇರೆ ಹೆಸರಿದ್ದರೆ, ಜನ ಏನೆಂದುಕೊಳ್ಳುತ್ತಾರೆ? ಮೇಡಂಗೂ ಮತ್ತೆ ಬಂತಂತೆ.

ಆ ಮಾತು ಯಾರ ಬಾಯಿಂದಲೋ ಬಂದಹಾಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿ, ಕೈ ನಿಂತಿತು. ನಿಂತೇ ಇತ್ತು.

"ಏನ್ಮೇಡಂ, ನೀವ್ಯಾಕೆ ಒರೆಸ್ತೀರಾ ಧೂಳು?" ಹಿಂದಿನಿಂದ ಅಧ್ಯಕ್ಷರ ದನಿ. "ಮಾಲಿಗೆ ಹೇಳಿದ್ರೆ ಆಯ್ತು. ಬನ್ನಿ, ಕುರ್ಚಿ ಯಾವ ಕಡೆ ಮುಖ ಮಾಡಿ ಹಾಕಿಸ್ಲಿ ಹೇಳಿ. ಬಿಸಿಲು ದೊಡ್ಡ ಡಾಕ್ಟರ ಕಣ್ಣಿಗೆ ಹೊಡೀಬಾರದು."

ಅವಳು ಬಿರಟೆ ಹಾಕಿದಳು.

*

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಟೈಲರಮ್ಮ ಬಂದಳು. ಹೊಸ ಬಟ್ಟೆ. ಕಳೆದ ತಿಂಗಳಿಗಿಂತ ಮೈ ಇಳಿದದ್ದು ಕಾಣಬಾರದೆಂದು ಸಡಿಲವಾಗಿ ಹೊಲಿದುಕೊಂಡದ್ದು. ಹೊಲಿದವಳಿಗೂ ಅವಳಿಗೂ ಮಾತ್ರ ಗೊತ್ತಾಗುವಂಥದು. ಪಕ್ಕದಲ್ಲಿ ಮಗಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಹೆಜ್ಜೆ. ಇಬ್ಬರೂ ಮೂರನೆಯ ಸಾಲಿನಲ್ಲಿ ಕುಳಿತರು. ಟೈಲರಮ್ಮ ದೂರದಿಂದಲೇ ಅವಳನ್ನು ನೋಡಿ ಮುಗುಳ್ನಕ್ಕಳು. ಕಾಲ ಬಳಿ ಬಟ್ಟೆಯ ಚೀಲವೊಂದನ್ನು ಇಟ್ಟುಕೊಂಡಿದ್ದಳು.

ಈಗಲೂ ಹೋಗಿ ಹೇಳಬಹುದಿತ್ತು. ಇಪ್ಪತ್ತು ಹೆಜ್ಜೆ. ಅವಳು ಪಟ್ಟಿಯ ಹಾಳೆಗಳನ್ನು ಜೋಡಿಸಿಕೊಂಡಳು. ಜೋಡಿಸಿದ್ದನ್ನು ಮತ್ತೆ ಜೋಡಿಸಿಕೊಂಡಳು.

ದೊಡ್ಡ ಡಾಕ್ಟರು ಧೈರ್ಯದ ಬಗ್ಗೆ ಮಾತಾಡಿದರು. ಜಾಗ ಕೊಟ್ಟವರು ವಿನಯದ ಬಗ್ಗೆ ಮಾತಾಡಿದರು. ಆಮೇಲೆ ಅವಳು ಮೈಕಿನ ಮುಂದೆ ನಿಂತಳು.

ಒಂದು. ಒಬ್ಬ ಮುದುಕರು ಊರುಗೋಲು ಊರಿ ಎದ್ದರು. ಚಪ್ಪಾಳೆ. ಎರಡು. ಶಾಲೆಯ ಹುಡುಗಿ. ಮೂರಕ್ಕೆ ಅವಳು ತನ್ನ ಹೆಸರನ್ನು ತಾನೇ ಓದಿಕೊಂಡಳು. ನಿಂತೇ ಇದ್ದುದರಿಂದ ಏಳಬೇಕಾಗಲಿಲ್ಲ. ಜನ ನಕ್ಕು ಹೆಚ್ಚೇ ಚಪ್ಪಾಳೆ ತಟ್ಟಿದರು. ಟೈಲರಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು.

ಹದಿನೈದು. ಹದಿನಾರು.

ತಲೆ ತಗ್ಗಿಸಿ ಓದುತ್ತಿದ್ದವಳಿಗೆ ಮೂರನೆಯ ಸಾಲು ಕಾಣಬಾರದಿತ್ತು. ಕಂಡಿತು. ಹದಿನಾರನೆಯವರು ಕೂರುವ ಮೊದಲೇ ಟೈಲರಮ್ಮ ಬಟ್ಟೆ ಸರಿಮಾಡಿಕೊಂಡು, ಮುಂದಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದಿದ್ದಳು. ಮಗಳು ಚಪ್ಪಾಳೆಗೆ ಕೈ ಎತ್ತಿದ್ದಳು.

ಅವಳು ಹದಿನೇಳನೆಯ ಹೆಸರನ್ನು ಓದಿದಳು.

ಮುಂದಿನ ಸಾಲಿನಿಂದ ಜಾಗ ಕೊಟ್ಟವರ ಸೊಸೆ ಎದ್ದು ನಿಂತಳು. ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ, ತಲೆಯ ಮೇಲೆ ಈಗಷ್ಟೇ ಚಿಗುರಿದ ಕೂದಲು. ಆ ಹುಡುಗಿಯ ತಪ್ಪೇನೂ ಇರಲಿಲ್ಲ. ಚಪ್ಪಾಳೆ ಜೋರಾಯಿತು.

ಟೈಲರಮ್ಮ ಅರ್ಧ ಎದ್ದವಳು ಹಾಗೇ ಬಗ್ಗಿದಳು. ನೆಲದ ಮೇಲೆ ಏನೋ ಹುಡುಕಿದಳು. ಬಿದ್ದ ಗುಂಡುಸೂಜಿಯನ್ನು ಎತ್ತಿಕೊಳ್ಳುವವಳಂತೆ ಎರಡು ಬೆರಳು ಸೇರಿಸಿ ಏನನ್ನೋ ಎತ್ತಿಕೊಂಡು, ಅದನ್ನು ತನ್ನ ಬಟ್ಟೆಯ ಅಂಚಿಗೆ ಚುಚ್ಚಿದಂತೆ ಮಾಡಿ ಕೂತಳು. ಬೆರಳುಗಳಲ್ಲಿ ಏನೂ ಇರಲಿಲ್ಲ.

ಆಮೇಲೆ ಆ ಹುಡುಗಿಗಾಗಿ ಚಪ್ಪಾಳೆ ತಟ್ಟಿದಳು.

ಇನ್ನೂ ಇಪ್ಪತ್ತಮೂರು ಹೆಸರುಗಳಿದ್ದವು. ಅವಳು ಎಲ್ಲವನ್ನೂ ಸರಿಯಾಗಿ ಓದಿದಳು.

*

ಜನ ಫಲಕಗಳ ನಡುವೆ ಹರಡಿಕೊಂಡರು. ಫೋಟೋ, ನಗು, ತಿಂಡಿಯ ಪೊಟ್ಟಣ. ಟೈಲರಮ್ಮನ ಮಗಳು ಗಿಡಗಳನ್ನು ಬೆರಳಲ್ಲಿ ಎಣಿಸುತ್ತ ಬಂದಳು.

"ಅಮ್ಮ, ಹದಿನೇಳು ಅಂದಿದ್ದೆಯಲ್ಲ. ಇಲ್ಲಿ ಬೇರೆ ಯಾರದೋ ಇದೆ. ಪಟ್ಟಿಲೂ ನಿನ್ನ ಹೆಸರು ಬರ್ಲಿಲ್ಲ." ಮಗಳ ದನಿಯಲ್ಲಿ ಮೊದಲು ಮುನಿಸು ಇತ್ತು, ಮಾತು ಮುಗಿಯುವಾಗ ಬೇರೇನೋ ಸೇರಿಕೊಂಡಿತು. "ಯಾಕಮ್ಮ? ಬದುಕುಳಿದವರದ್ದೆಲ್ಲ ಹಾಕಿದಾರೆ ಅಂದೆ?"

ಟೈಲರಮ್ಮ ಮಗಳನ್ನು ನೋಡಲಿಲ್ಲ. ಫಲಕವನ್ನು ನೋಡಿದಳು, ಅದರ ಪಕ್ಕ ನಿಂತಿದ್ದ ಅವಳನ್ನು ನೋಡಿದಳು.

"ಅಯ್ಯೋ, ಹೇಳೋಕೇ ಮರೆತೆ ನೋಡು," ಎಂದಳು. "ನಂದು ಬಣ್ಣ ಒಣಗಿಲ್ಲ ಅಂತ ಮೇಡಂ ಮೊನ್ನೇನೇ ಹೇಳಿದ್ರು. ಆ ಹುಡುಗಿದು ಸದ್ಯಕ್ಕೆ ಇಲ್ಲಿಟ್ಟಿದಾರೆ. ಅಲ್ವಾ ಮೇಡಂ?"

ತಾಯಿ ಮಗಳು ಇಬ್ಬರೂ ಅವಳ ಮುಖ ನೋಡಿದರು.

"ಹೌದು," ಎಂದಳು ಅವಳು.

"ಯಾವಾಗ ಇಡ್ತೀರಾ ಆಂಟಿ?" ಮಗಳು ಕೇಳಿದಳು. "ಮಗು ಬಂದ ಮೇಲೆ ಇಲ್ಲೊಂದು ಫೋಟೋ ತೆಗೆಸ್ಬೇಕು ಅಂತಿದೀನಿ. ಅಜ್ಜಿ ಹೆಸರಿನ ಪಕ್ಕ."

"ಬೇಗ."

"ನೋಡಿದ್ಯಾ, ಬೇಗ ಅಂತೆ. ಹೋಗು, ನೆರಳಲ್ಲಿ ಕೂತ್ಕೋ. ನಿಂತೂ ನಿಂತೂ ಕಾಲು ಊದಿದೆ, ಆ ಚಪ್ಪಲಿ ನೋಡು, ಹೊಲಿಗೆ ಬಿಟ್ಕೊಳ್ಳೋ ಹಾಗಿದೆ." ಟೈಲರಮ್ಮ ಮಗಳನ್ನು ಬೆಂಚಿನ ಕಡೆಗೆ ಮೆಲ್ಲಗೆ ತಳ್ಳಿದಳು.

ಮಗಳು ಹೋದ ಮೇಲೆ ಟೈಲರಮ್ಮ ಬಗ್ಗಿ ಫಲಕದ ಮೇಲೆ ಬೆರಳಾಡಿಸಿದಳು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಬಟ್ಟೆ ನೋಡುವ ಹಾಗೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ದಪ್ಪ ಬಿಳಿ ಅಕ್ಷರಗಳ ಸಂದಿಯಲ್ಲಿ ಐದು ಹಸಿರು ಅಕ್ಷರಗಳು ಹೊಳೆದವು.

"ಬಿಚ್ಚಿ ಹೊಲಿದ ಬಟ್ಟೆ ಥರ ಇದೆ," ಎಂದಳು. "ಹಳೇ ಸೂಜಿ ತೂತು ಹೋಗಲ್ಲ. ಎಷ್ಟು ಇಸ್ತ್ರಿ ಮಾಡಿದ್ರೂ."

"ನಾನು ಸಭೇಲಿ..." ಅವಳು ಶುರುಮಾಡಿದಳು.

"ಮಗಳು ನೋಡ್ತಿದಾಳೆ." ಟೈಲರಮ್ಮ ನೆಟ್ಟಗೆ ನಿಂತಳು. ಮುಖದಲ್ಲಿ ನಗು ಇತ್ತು. "ನೀವೂ ಸ್ವಲ್ಪ ನಗಿ ಮೇಡಂ."

ಅವಳು ನಕ್ಕಳು. ಬೆಂಚಿನ ಮೇಲಿಂದ ಮಗಳು ಕೈ ಬೀಸಿದಳು. ಇಬ್ಬರೂ ಕೈ ಬೀಸಿದರು.

ಬೈಯಲಿ ಎಂದು ಅವಳು ಕಾದಳು. ಎಲ್ಲರೆದುರು ಬೈಯಲಿ, ಅಧ್ಯಕ್ಷರು ಓಡಿ ಬರಲಿ, ಮಾಲಿ ಪೈಪು ಬಿಟ್ಟು ನೋಡಲಿ. ಬೈದರೆ ಉತ್ತರ ಕೊಡಬಹುದು. ಪದ್ಧತಿಯ ಮಾತೊಂದು ಇನ್ನೂ ನಾಲಿಗೆಯ ತುದಿಯಲ್ಲಿತ್ತು.

ಟೈಲರಮ್ಮ ಬೈಯಲಿಲ್ಲ. ಮೂಗು ಅರಳಿಸಿ ಗಾಳಿಯನ್ನು ಮೂಸಿದಳು.

"ನಿಮ್ ಕೈಯಿಂದಾನಾ ಈ ವಾಸನೆ? ಸೋಪಿಗೆ ಹೋಗಲ್ಲ ಅದು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ತೊಳೀರಿ. ಮಶೀನಿನ ಜಿಡ್ಡಿಗೆ ನಾನು ಹಾಗೇ ಮಾಡೋದು."

ಅವಳು ಕೈಗಳನ್ನು ಕೈಚೀಲದೊಳಗೆ ಇಳಿಸಿದಳು. ಒಳಗೆ ಬಟ್ಟೆಯ ಚೂರು ಇನ್ನೂ ಒದ್ದೆಯಾಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮೂರನೆಯ ಫಲಕದ ಮುಂದೆ ಈಗ ಯಾರೋ ಅಪರಿಚಿತರು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಪೊಟ್ಟಣದ ತಿಂಡಿ ನಿಮಗಾಗಲ್ಲ ಅಂತ ಗೊತ್ತಿತ್ತು," ಎಂದಳು ಟೈಲರಮ್ಮ, ಕಾಲ ಬಳಿ ಇಳಿಸಿಟ್ಟಿದ್ದ ಬಟ್ಟೆಯ ಚೀಲವನ್ನು ಎತ್ತಿಕೊಳ್ಳುತ್ತ. "ಬೆಳಿಗ್ಗೆ ಮಾಡಿದ್ದು ಜಾಸ್ತಿ ಆಯ್ತು. ಖಾರ ಹಾಕಿಲ್ಲ."

ಚೀಲ ಹಳೆಯದು. ವಾರ್ಡಿನ ದಿನಗಳಲ್ಲಿ ಎರಡು ಡಬ್ಬಿಗಳು ಅದಲುಬದಲಾಗದಿರಲೆಂದು ಟೈಲರಮ್ಮ ಹೊಲಿದಿದ್ದ ಚೀಲ. ಅಂಚಿನಲ್ಲಿ ಕೆಂಪು ದಾರದಲ್ಲಿ 'ಮೇಡಂ' ಎಂದು ಕಸೂತಿ ಮಾಡಿದ್ದು, ಒಗೆದು ಒಗೆದು ಬಟ್ಟೆ ತೆಳ್ಳಗಾಗಿದ್ದರೂ ದಾರ ಹಾಗೇ ಇತ್ತು. ಆಗ ಅವಳ ಹೆಸರು ಟೈಲರಮ್ಮನಿಗೆ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ.

ಟೈಲರಮ್ಮ ಚೀಲ ಹಿಡಿದು ಕಾದಳು. ಬೆಂಚಿನ ಮೇಲಿಂದ ಮಗಳು ನೋಡುತ್ತಿದ್ದಳು.

ಅವಳು ಮುಷ್ಟಿ ಬಿಟ್ಟು ಕೈ ಹೊರಗೆ ತೆಗೆದಳು. ಉಗುರುಗಳ ಸಂದಿನಲ್ಲಿ ಬೆಳಗಿನ ಬಿಳಿ ಬಣ್ಣ ಒಣಗಿ ಕೂತಿತ್ತು. ಟೈಲರಮ್ಮ ಅದನ್ನು ನೋಡಿದಳು. ಐದೂ ಬೆರಳುಗಳನ್ನು, ಒಂದೊಂದಾಗಿ. ಆಮೇಲೆ ಆ ಕೈಯಲ್ಲೇ ಚೀಲವನ್ನಿಟ್ಟು, ಬೀಳದಂತೆ ಬೆರಳುಗಳನ್ನು ತಾನೇ ಮಡಚಿದಳು.